ಸಮಿತಿಗೆ ನೆನಪಾಗದ ಹೆಸರುಗಳು

1946ರ ಫೆಬ್ರುವರಿ 14ರ ರಾತ್ರಿ ಫಿಲಡೆಲ್ಫಿಯಾದ ಮೂರ್ ಎಂಜಿನಿಯರಿಂಗ್ ಶಾಲೆಯಲ್ಲಿ ಬೆಟ್ಟಿ ಸ್ನೈಡರ್ ಮತ್ತು ಜೀನ್ ಜೆನ್ನಿಂಗ್ಸ್ ಎಂಬ ಇಬ್ಬರು ತರುಣಿಯರು ಒಂದು ತಪ್ಪಿನ ಬೆನ್ನು ಹತ್ತಿ ಕುಳಿತಿದ್ದರು. ಬೆಳಗಾದರೆ ಎನಿಯಾಕ್ ಎಂಬ ಆರಂಭಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರ್ ಯಂತ್ರದ ಸಾರ್ವಜನಿಕ ಪ್ರದರ್ಶನ. ಫಿರಂಗಿ ಗುಂಡೊಂದು ಸಾಗುವ ಹಾದಿಯನ್ನು ಯಂತ್ರ ಎಲ್ಲರೆದುರು ಲೆಕ್ಕ ಹಾಕಿ ತೋರಿಸಬೇಕು. ಲೆಕ್ಕವೇನೋ ಸರಿಯಾಗಿಯೇ ಬರುತ್ತಿತ್ತು. ಆದರೆ ಗುಂಡು ನೆಲಕ್ಕೆ ಬಡಿದ ಮೇಲೂ ಯಂತ್ರ ನಿಲ್ಲುತ್ತಿರಲಿಲ್ಲ. ಗುಂಡು ಭೂಮಿಯನ್ನು ಕೊರೆದುಕೊಂಡು ಒಳಕ್ಕೆ ಇಳಿಯುತ್ತಲೇ ಇರುವಂತೆ ಅಂಕಿಗಳು ಹೊರಬೀಳುತ್ತಿದ್ದವು. ಬೇಸತ್ತು ಇಬ್ಬರೂ ಮನೆಗೆ ಹೋದರು. ಮರುದಿನ ಬೆಳಿಗ್ಗೆ ಸ್ನೈಡರ್ ಬಂದವರೇ ನೇರವಾಗಿ ಹೋಗಿ ಒಂದು ಸ್ವಿಚ್ ಬದಲಿಸಿದರು. ಉತ್ತರ ನಿದ್ದೆಯಲ್ಲಿ ಹೊಳೆದಿತ್ತು.

ಪ್ರದರ್ಶನ ಗೆದ್ದಿತು. ಗುಂಡು ಗುರಿ ಮುಟ್ಟಲು 30 ಸೆಕೆಂಡು ಬೇಕಾದರೆ, ಅದರ ಹಾದಿಯನ್ನು ಲೆಕ್ಕ ಹಾಕಲು ಯಂತ್ರಕ್ಕೆ 20 ಸೆಕೆಂಡು ಸಾಕಾಯಿತು. ಸಂಜೆ ಗಣ್ಯರಿಗೆಲ್ಲ ಔತಣ. ಎನಿಯಾಕ್‌ಗೆ ಪ್ರೋಗ್ರಾಮ್ ಬರೆದ ಆರು ಮಹಿಳೆಯರಲ್ಲಿ ಒಬ್ಬರಿಗೂ ಆಹ್ವಾನ ಇರಲಿಲ್ಲ. ಮುಂದೆ 1980ರ ದಶಕದಲ್ಲಿ ಕ್ಯಾಥಿ ಕ್ಲೈಮನ್ ಎಂಬ ವಿದ್ಯಾರ್ಥಿನಿ ಹಳೆಯ ಫೋಟೋಗಳನ್ನು ನೋಡಿ, ಯಂತ್ರದ ಪಕ್ಕ ನಿಂತಿರುವ ಈ ಹೆಂಗಸರು ಯಾರು ಎಂದು ವಿಚಾರಿಸಿದರು. ಸಿಕ್ಕ ಉತ್ತರ: ‘ರೆಫ್ರಿಜರೇಟರ್ ಲೇಡಿಗಳು’. ಅಂದರೆ ಜಾಹೀರಾತಿನಲ್ಲಿ ಫ್ರಿಜ್ ಚೆನ್ನಾಗಿ ಕಾಣಲೆಂದು ಅದರ ಪಕ್ಕ ನಿಲ್ಲಿಸುವ ರೂಪದರ್ಶಿಗಳು.

ಅವರ ಹೆಸರುಗಳು ಇವು: ಕೇ ಮೆಕ್‌ನಲ್ಟಿ, ಬೆಟ್ಟಿ ಸ್ನೈಡರ್, ಜೀನ್ ಜೆನ್ನಿಂಗ್ಸ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬೈಲಸ್, ರೂತ್ ಲಿಕ್ಟರ್‌ಮನ್. ಇವರ ಮುಂದೆ ಪ್ರೋಗ್ರಾಮಿಂಗ್ ಭಾಷೆ ಇರಲಿಲ್ಲ, ಕೈಪಿಡಿಯೂ ಇರಲಿಲ್ಲ. ಇದ್ದದ್ದು ಯಂತ್ರದ ನಕ್ಷೆಗಳು. ಸುಮಾರು 18 ಸಾವಿರ ವ್ಯಾಕ್ಯೂಮ್ ಟ್ಯೂಬ್‌ಗಳ ಆ ಯಂತ್ರದಲ್ಲಿ ಯಾವ ಭಾಗ ಯಾವ ಕ್ಷಣದಲ್ಲಿ ಏನು ಮಾಡುತ್ತದೆ ಎಂಬುದನ್ನು ನಕ್ಷೆ ನೋಡಿಯೇ ಕಲಿತು, ತಂತಿ ಜೋಡಿಸಿ, ಸ್ವಿಚ್ ತಿರುಗಿಸಿ ಲೆಕ್ಕ ಮಾಡಿಸಿದರು. ಯಂತ್ರದ ಒಳರಚನೆಯನ್ನು ಇಷ್ಟು ಆಳವಾಗಿ ಅರಿತು ಅದನ್ನು ರೂಪಿಸುವ ವಿದ್ಯೆಗೆ ಇಂದು ಕಂಪ್ಯೂಟರ್ ಆರ್ಕಿಟೆಕ್ಚರ್ ಎಂದು ಹೆಸರು.

ಆ ವಿದ್ಯೆಯ ಅತ್ಯುನ್ನತ ಪ್ರಶಸ್ತಿ ಎನಿಯಾಕ್ ಕಟ್ಟಿದ ಇಬ್ಬರು ಪುರುಷರ ಹೆಸರಿನಲ್ಲಿದೆ: ಎಕರ್ಟ್-ಮೌಕ್ಲಿ ಪ್ರಶಸ್ತಿ. ಕಂಪ್ಯೂಟರ್ ತಜ್ಞರ ಎರಡು ಸಂಘಗಳಾದ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಜೊತೆಯಾಗಿ 1979ರಿಂದ ಇದನ್ನು ಕೊಡುತ್ತಾ ಬಂದಿವೆ. ಮೊದಲ ಬಾರಿಗೆ ಅದು ಒಬ್ಬ ಮಹಿಳೆಗೆ, ಸೂಸನ್ ಎಗರ್ಸ್ ಅವರಿಗೆ, ಸಿಕ್ಕಿದ್ದು 2018ರಲ್ಲಿ. ಎರಡನೆಯ ಬಾರಿ 2021ರಲ್ಲಿ, ಮಾರ್ಗರೆಟ್ ಮಾರ್ಟೊನೋಸಿ ಅವರಿಗೆ. ಮೊದಲ ಹೆಸರಿಗೆ 39 ವರ್ಷ ಹಿಡಿದದ್ದು ಏಕೆ?

ಸುಲಭದ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ: ‘ಈ ಕ್ಷೇತ್ರದಲ್ಲಿ ಮಹಿಳೆಯರೇ ಕಡಿಮೆ, ಏನು ಮಾಡೋಣ?’ ಕಡಿಮೆ ಇರುವುದು ನಿಜ. ಕಂಪ್ಯೂಟರ್ ವಿಜ್ಞಾನದ ಬೇರೆ ಶಾಖೆಗಳಿಗೆ ಹೋಲಿಸಿದರೂ ಇಲ್ಲಿ ಕಡಿಮೆ. ಆದರೆ ಈ ಉತ್ತರ ಅರ್ಧ ಸತ್ಯ ಎಂಬುದು ನನ್ನ ವಾದ. ಉಳಿದರ್ಧ ಸಂಖ್ಯೆಗೆ ಸಂಬಂಧಿಸಿದ್ದಲ್ಲ, ನೆನಪಿಗೆ ಸಂಬಂಧಿಸಿದ್ದು.

ಆರ್ಕಿಟೆಕ್ಚರ್ ಒಂದು ಸಣ್ಣ ಊರಿನಂಥ ಕ್ಷೇತ್ರ. 1968ರಿಂದ ನಡೆಯುತ್ತಿರುವ ಮೈಕ್ರೋ, 1973ರಲ್ಲಿ ಶುರುವಾದ ಇಸ್ಕಾ, 1982ರ ಆಸ್ಪ್ಲೋಸ್, 1995ರ ಎಚ್‌ಪಿಸಿಎ, ಈ ನಾಲ್ಕು ಸಮ್ಮೇಳನಗಳ ಸುತ್ತಲೇ ಅದರ ಬದುಕು ಸುತ್ತುತ್ತದೆ. ಪ್ರಬಂಧ ಪರಿಶೀಲಿಸುವವರಿಗೆ ಬರೆದವರ ಹೆಸರು ಕಾಣುವುದಿಲ್ಲ, ಬರೆದವರಿಗೆ ಪರಿಶೀಲಕರ ಹೆಸರು ತಿಳಿಯುವುದಿಲ್ಲ. ಕ್ಷೇತ್ರದವರಿಗೆ ಇದರ ಬಗ್ಗೆ ಹೆಮ್ಮೆ ಇದೆ. ‘ನಮ್ಮಲ್ಲಿ ಪ್ರತಿಭೆಯೇ ಅಳತೆಗೋಲು, ಹೆಸರನ್ನೇ ನೋಡದ ಮೇಲೆ ಭೇದ ಎಲ್ಲಿಂದ ಬರಬೇಕು?’ ಎಂಬ ಮಾತು ಈ ಹೆಮ್ಮೆಯಿಂದಲೇ ಹುಟ್ಟುತ್ತದೆ.

ಪ್ರಬಂಧದ ಮಟ್ಟಿಗೆ ಈ ಮಾತನ್ನು ಒಪ್ಪೋಣ. ಅಲ್ಲಿಂದ ಮುಂದಕ್ಕೆ ನೋಡಿ. ಆಯ್ಕೆ ಸಮಿತಿಗೆ ಯಾರನ್ನು ಕರೆಯಬೇಕು, ಪ್ರಧಾನ ಭಾಷಣ ಯಾರದು, ಸಂವಾದದಲ್ಲಿ ಯಾರು ಕೂರಬೇಕು, ಪ್ರಶಸ್ತಿಗೆ ಯಾರನ್ನು ಸೂಚಿಸಬೇಕು, ಶಿಫಾರಸು ಪತ್ರ ಯಾರು ಬರೆಯಬೇಕು? ಇವುಗಳಲ್ಲಿ ಒಂದೂ ಕಣ್ಣುಕಟ್ಟಿಕೊಂಡು ನಡೆಯುವುದಿಲ್ಲ. ಎಲ್ಲವೂ ಹೆಸರಿನಿಂದಲೇ ಶುರುವಾಗುತ್ತವೆ. ನಾಲ್ಕು ಜನ ಕುಳಿತು, ‘ಈ ಬಾರಿ ಯಾರನ್ನು ಕರೆಯೋಣ?’ ಎಂದಾಗ ಮೊದಲ ಎರಡು ನಿಮಿಷದಲ್ಲಿ ಬಾಯಿಗೆ ಬರುವ ಹೆಸರುಗಳೇ ಪಟ್ಟಿಯಾಗುತ್ತವೆ. ಆ ಎರಡು ನಿಮಿಷದಲ್ಲಿ ಹಗೆ ಇರುವುದಿಲ್ಲ, ಸಂಚೂ ಇರುವುದಿಲ್ಲ. ಇರುವುದು ನೆನಪು ಮಾತ್ರ. ಕಳೆದ ಸಲ ಮಾತನಾಡಿದವರು ಈ ಸಲವೂ ನೆನಪಿಗೆ ಬರುತ್ತಾರೆ.

ಇದು ಹೇಗೆ ನಡೆಯುತ್ತದೆ ಎಂದು ಆರ್ಕಿಟೆಕ್ಚರ್ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರು ದಿನವೂ ವಿನ್ಯಾಸ ಮಾಡುವ ಕ್ಯಾಷ್ ಮೆಮೊರಿಯ ತತ್ವವೇ ಇದು. ಈಗಷ್ಟೇ ಬಳಸಿದ ದತ್ತಾಂಶವನ್ನು ಮತ್ತೆ ಬಳಸುವ ಸಂಭವ ಹೆಚ್ಚು. ಆದ್ದರಿಂದ ಅದನ್ನು ಪ್ರೊಸೆಸರ್‌ನ ಕೈಗೆಟುಕುವಲ್ಲಿ ಇಡು, ಬಹಳ ದಿನ ಮುಟ್ಟದೇ ಇರುವುದನ್ನು ಹೊರಹಾಕು. ಯಂತ್ರದ ವೇಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮನುಷ್ಯರನ್ನು ಆರಿಸುವುದಕ್ಕೆ ಇದಕ್ಕಿಂತ ಕೆಟ್ಟ ಉಪಾಯವೂ ಇಲ್ಲ. ಒಮ್ಮೆ ಹೊರಬಿದ್ದ ಹೆಸರು ದೂರದ ಮೆಮೊರಿಯಲ್ಲಿ ಎಲ್ಲೋ ಇದ್ದೇ ಇರುತ್ತದೆ. ಆದರೆ ಅದನ್ನು ತರಲು ಸಮಯ ಹಿಡಿಯುತ್ತದೆ, ಸಮಿತಿಗೆ ಅಷ್ಟು ಪುರುಸೊತ್ತಿಲ್ಲ.

ಎಗರ್ಸ್ ಅವರ ಪಿಎಚ್.ಡಿ. ಕೆಲಸ ನಡೆದದ್ದೂ ಈ ಕ್ಯಾಷ್‌ಗಳ ಸುತ್ತಲೇ: ಹಲವು ಪ್ರೊಸೆಸರ್‌ಗಳು ಒಂದೇ ದತ್ತಾಂಶವನ್ನು ಹಂಚಿಕೊಂಡಾಗ ಅವುಗಳ ಕ್ಯಾಷ್‌ಗಳಲ್ಲಿ ಏನಾಗುತ್ತದೆ ಎಂಬ ಅಧ್ಯಯನ. ಅವರು ಅರ್ಥಶಾಸ್ತ್ರದಲ್ಲಿ ಪದವಿ ಪಡೆದದ್ದು 1965ರಲ್ಲಿ, ಬರ್ಕ್ಲಿಯಲ್ಲಿ ಪಿಎಚ್.ಡಿ. ಮುಗಿಸಿದ್ದು 1989ರಲ್ಲಿ. ನಡುವೆ 24 ವರ್ಷ. ನೇರ ದಾರಿಯಲ್ಲಿ ಬಂದವರಲ್ಲ. 1995ರಲ್ಲಿ ಡೀನ್ ಟಲ್ಸೆನ್ ಮತ್ತು ಹೆನ್ರಿ ಲೆವಿ ಜೊತೆ ಅವರು ಮಂಡಿಸಿದ ವಿಚಾರ ಹೀಗಿತ್ತು: ಒಂದು ಪ್ರೋಗ್ರಾಮ್ ಮೆಮೊರಿಗಾಗಿ ಕಾಯುತ್ತಾ ಕುಳಿತಾಗ ಪ್ರೊಸೆಸರ್‌ನ ಕೂಡುವ, ಗುಣಿಸುವ ಘಟಕಗಳು ಸುಮ್ಮನೆ ಬಿದ್ದಿರುತ್ತವೆ, ಹಲವು ಕೆಲಸಗಳ ಎಳೆಗಳನ್ನು (ಥ್ರೆಡ್) ಪ್ರೊಸೆಸರ್‌ನ ತಿರುಳಾದ ಒಂದೇ ಕೋರ್‌ನಲ್ಲಿ ಒಟ್ಟಿಗೇ ಓಡಿಸಿದರೆ ಒಂದು ಕಾಯುವಾಗ ಇನ್ನೊಂದು ಆ ಘಟಕಗಳನ್ನು ಬಳಸಿಕೊಳ್ಳಬಹುದು. 2002ರಲ್ಲಿ ಇಂಟೆಲ್ ಇದೇ ಬಗೆಯ ತಂತ್ರವನ್ನು ಹೈಪರ್-ಥ್ರೆಡಿಂಗ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಮೇಜಿನ ಮೇಲಿನ ಕಂಪ್ಯೂಟರ್‌ಗೆ ‘ಎಂಟು ಕೋರ್, ಹದಿನಾರು ಥ್ರೆಡ್’ ಎಂದು ಬರೆದಿದ್ದರೆ ಆ ಹದಿನಾರರ ಹಿಂದೆ ಈ ವಿಚಾರವಿದೆ. ಪ್ರಬಂಧದಿಂದ ಪ್ರಶಸ್ತಿಗೆ 23 ವರ್ಷ.

ಪ್ರಶಸ್ತಿ ಸಿಕ್ಕಿತಲ್ಲ, ಮತ್ತೇನು ಎನ್ನಬಹುದು. ಹಾಗೆನ್ನುವವರು ಲಿನ್ ಕಾನ್ವೇ ಅವರ ಕಥೆ ಕೇಳಬೇಕು. ಮರೆವು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠವಿಲ್ಲ.

1964ರಲ್ಲಿ ಐಬಿಎಂ ಸೇರಿದ ಕಾನ್ವೇ ಅಲ್ಲಿ ಎಸಿಎಸ್ ಎಂಬ ಸೂಪರ್ ಕಂಪ್ಯೂಟರ್ ಯೋಜನೆಯಲ್ಲಿದ್ದರು. 1966ರಲ್ಲಿ, 28ನೆಯ ವಯಸ್ಸಿನಲ್ಲಿ, ಮೂವರು ಸಹೋದ್ಯೋಗಿಗಳೊಂದಿಗೆ ಒಂದು ಆಂತರಿಕ ವರದಿ ಬರೆದರು. ಪ್ರೊಸೆಸರ್‌ಗೆ ಬರುವ ಆದೇಶಗಳು ಸರತಿಯಲ್ಲಿ ನಿಂತಿರುತ್ತವೆ. ಮುಂದಿನದು ಯಾವುದೋ ಅಂಕಿಗಾಗಿ ಕಾಯುತ್ತಿದ್ದರೆ ಹಿಂದಿರುವವೆಲ್ಲ ಏಕೆ ಕಾಯಬೇಕು? ಸಿದ್ಧವಾಗಿರುವವನ್ನು ಮೊದಲು ಕಳುಹಿಸೋಣ, ಒಂದೇ ಬಾರಿಗೆ ಹಲವನ್ನು ಕಳುಹಿಸೋಣ. ಇಂದಿನ ವೇಗದ ಪ್ರೊಸೆಸರ್‌ಗಳೆಲ್ಲ ಈ ಬಗೆಯಲ್ಲೇ ಕೆಲಸ ಮಾಡುತ್ತವೆ. ತಾನು ಹೆಣ್ಣಾಗಿ ಬದುಕಲು ಲಿಂಗ ಪರಿವರ್ತನೆ ಮಾಡಿಸಿಕೊಳ್ಳುತ್ತಿದ್ದೇನೆ ಎಂದು 1968ರಲ್ಲಿ ಕಾನ್ವೇ ತಿಳಿಸಿದಾಗ ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು. ಎಸಿಎಸ್ ಯೋಜನೆಯೂ ಸ್ವಲ್ಪದರಲ್ಲೇ ನಿಂತುಹೋಯಿತು.

ಹೊಸ ಹೆಸರಿನಲ್ಲಿ, ಹಳೆಯದನ್ನು ಬಾಯಿಬಿಡದೆ, ಕೆಳಗಿನ ಮೆಟ್ಟಿಲಿನಿಂದ ಅವರು ಮತ್ತೆ ವೃತ್ತಿ ಆರಂಭಿಸಿದರು. ಮಾಡಿದ್ದನ್ನು ಮಾಡಿದ್ದೇನೆ ಎಂದು ಹೇಳುವಂತಿರಲಿಲ್ಲ. 1990ರ ದಶಕದ ಕೊನೆಯಲ್ಲಿ ಮಾರ್ಕ್ ಸ್ಮದರ್‌ಮನ್ ಎಂಬ ಪ್ರಾಧ್ಯಾಪಕರು ಎಸಿಎಸ್ ಇತಿಹಾಸವನ್ನು ಕೆದಕತೊಡಗಿದಾಗಲೇ ಈ ಕಥೆ ಹೊರಬಂದದ್ದು. ಅಷ್ಟು ವರ್ಷ ಕಾನ್ವೇ ಆ ಕಾಗದಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಐಬಿಎಂ ಕ್ಷಮೆ ಕೇಳಿದ್ದು 2020ರಲ್ಲಿ, 52 ವರ್ಷಗಳ ನಂತರ.

ಎರಡನೆಯ ಮರೆವು ಇದಕ್ಕಿಂತ ಸೂಕ್ಷ್ಮ, ಅದಕ್ಕೇ ಹೆಚ್ಚು ಕಲಿಸುವಂಥದ್ದು. 1973ರಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾಲಯ ಸೇರಿದ ಕಾನ್ವೇ, ಕ್ಯಾಲ್‌ಟೆಕ್‌ನ ಕಾರ್ವರ್ ಮೀಡ್ ಜೊತೆ ಸೇರಿ ಚಿಪ್ ವಿನ್ಯಾಸವನ್ನು ಕೆಲವೇ ಸರಳ ನಿಯಮಗಳಿಗೆ ಇಳಿಸಿದರು. ಅಲ್ಲಿಯವರೆಗೆ ಆ ವಿದ್ಯೆ ದೊಡ್ಡ ಕಂಪನಿಗಳ ಗೋಡೆಯೊಳಗಿತ್ತು. ಹೊಸ ವಿಧಾನ ಹೊಸದೆಂದು ಕಂಡರೆ ಜನ ಅನುಮಾನಿಸುತ್ತಾರೆ. ಆದ್ದರಿಂದ ಅದು ನೆಲೆನಿಂತ ಶಾಸ್ತ್ರದಂತೆ ಕಾಣಲಿ ಎಂದು ಅದನ್ನು ಪಠ್ಯಪುಸ್ತಕದ ರೂಪದಲ್ಲಿ ಕಟ್ಟಿದರು. 1978ರಲ್ಲಿ ಎಂಐಟಿಯಲ್ಲಿ ಪಾಠ ಮಾಡಿ, ವಿದ್ಯಾರ್ಥಿಗಳ ವಿನ್ಯಾಸಗಳನ್ನೆಲ್ಲ ಒಂದೇ ಸಿಲಿಕಾನ್ ಬಿಲ್ಲೆಯ ಮೇಲೆ ಅಕ್ಕಪಕ್ಕ ಮುದ್ರಿಸಿ, ಕೆಲವೇ ವಾರಗಳಲ್ಲಿ ಚಿಪ್‌ಗಳನ್ನು ಅವರ ಕೈಗಿತ್ತರು. ಮರುವರ್ಷ ಇದೇ ಪ್ರಯೋಗ ಹನ್ನೆರಡು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ವಿನ್ಯಾಸಗಳು ಇಂದಿನ ಇಂಟರ್ನೆಟ್‌ನ ಪೂರ್ವರೂಪವಾದ ಅರ್ಪಾನೆಟ್ ಮೂಲಕ ಬಂದವು, ನೂರಕ್ಕೂ ಹೆಚ್ಚು ವಿನ್ಯಾಸಕಾರರು ತಂತಮ್ಮ ಚಿಪ್ ಪಡೆದರು. ಒಬ್ಬರಿಗೇ ಹೊರಲಾಗದ ಖರ್ಚನ್ನು ಎಲ್ಲರೂ ಹಂಚಿಕೊಂಡರೆ ಎಲ್ಲರಿಗೂ ದಾರಿಯಾಗುತ್ತದೆ. ಒಂದು ಸಮುದಾಯವನ್ನು ಕೈಯಾರೆ ಕಟ್ಟುವುದೆಂದರೆ ಇದೇ.

ಇಷ್ಟಾಗಿ, ಅಮೆರಿಕದ ನ್ಯಾಷನಲ್ ಇನ್ವೆಂಟರ್ಸ್ ಹಾಲ್ ಆಫ್ ಫೇಮ್ ಮೀಡ್ ಅವರನ್ನು ಸೇರಿಸಿಕೊಂಡಿದ್ದು 2009ರಲ್ಲಿ, ಕಾನ್ವೇ ಅವರನ್ನು ಸೇರಿಸಿಕೊಂಡಿದ್ದು 2023ರಲ್ಲಿ. 2024ರ ಜೂನ್‌ನಲ್ಲಿ, 86ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಪುಸ್ತಕದ ರಕ್ಷಾಪುಟದಲ್ಲಿ ಇಬ್ಬರ ಹೆಸರೂ ಪಕ್ಕಪಕ್ಕದಲ್ಲೇ ಇದ್ದವು. ಯಾರೂ ಅವರ ಹೆಸರನ್ನು ಹೊಡೆದುಹಾಕಲಿಲ್ಲ. ಹೇಳುತ್ತಾ ಹೇಳುತ್ತಾ ಒಂದು ಹೆಸರು ನಾಲಿಗೆಯಲ್ಲಿ ಉಳಿಯಿತು, ಇನ್ನೊಂದು ಸವೆಯಿತು. ಹೊಸದನ್ನು ಕಂಡುಹಿಡಿಯುತ್ತಾರೆ ಎಂದು ನಾವು ಯಾರಿಂದ ನಿರೀಕ್ಷಿಸುವುದಿಲ್ಲವೋ ಅವರು ಕಂಡುಹಿಡಿದದ್ದು ನಮ್ಮ ಕಣ್ಣಿಗೇ ಬೀಳುವುದಿಲ್ಲ ಎಂದು ಕಾನ್ವೇ ಸ್ವತಃ ವಿಶ್ಲೇಷಿಸಿ ಬರೆದಿದ್ದಾರೆ. ಅವರ ಬರಹದಲ್ಲಿ ದೂರಿಗಿಂತ ಎಂಜಿನಿಯರ್‌ನ ಕುತೂಹಲವೇ ಹೆಚ್ಚು: ಈ ದೋಷ ಎಲ್ಲಿ ಹುಟ್ಟುತ್ತದೆ, ಹೇಗೆ ಹರಡುತ್ತದೆ?

ಕನ್ನಡದಲ್ಲಿ ಇಂಥವರಿಗೆ ಎಲೆಮರೆಯ ಕಾಯಿ ಎನ್ನುವ ರೂಢಿಯಿದೆ. ನನಗೆ ಆ ಮಾತು ಇಲ್ಲಿ ಹಿಡಿಸುವುದಿಲ್ಲ. ಕಾಯಿಗೆ ಎಲೆಯ ಮರೆ ಸಹಜ, ಯಾರ ತಪ್ಪೂ ಅಲ್ಲ ಎಂಬ ಸಮಾಧಾನ ಅದರಲ್ಲಿದೆ. 1946ರ ಔತಣದ ಆಹ್ವಾನ ಪಟ್ಟಿಯನ್ನು ಯಾರೋ ಕುಳಿತು ಬರೆದಿದ್ದರು.

ಸೋಫಿ ವಿಲ್ಸನ್ ಅವರ ಮಾತು ಚಿಕ್ಕದಾಗಿ ಹೇಳಿದರೂ ಸಾಕು. ಬ್ರಿಟನ್ನಿನ ಏಕಾರ್ನ್ ಕಂಪನಿಯಲ್ಲಿ ಅವರು ಆರ್ಮ್ ಪ್ರೊಸೆಸರ್‌ನ ಆದೇಶಗಳ ಪಟ್ಟಿಯನ್ನು ರೂಪಿಸಿದರು, ಸ್ಟೀವ್ ಫರ್ಬರ್ ಅದರ ಒಳವಿನ್ಯಾಸ ಮಾಡಿದರು. ಮೊದಲ ಚಿಪ್ 1985ರ ಏಪ್ರಿಲ್ 26ರಂದು ಓಡಿತು. ಆ ವಂಶದ ಚಿಪ್‌ಗಳು ಇಂದಿಗೆ 25 ಸಾವಿರ ಕೋಟಿಗೂ ಹೆಚ್ಚು ಮಾರಾಟವಾಗಿವೆ. ಈ ಲೇಖನವನ್ನು ಮೊಬೈಲಿನಲ್ಲಿ ಓದುತ್ತಿದ್ದರೆ ಒಂದು ನಿಮ್ಮ ಅಂಗೈಯಲ್ಲೇ ಇದೆ. ವಿಲ್ಸನ್ ಅವರ ಹೆಸರನ್ನು ಇದಕ್ಕೆ ಮೊದಲು ಕೇಳಿದ್ದಿರಾ?

ಇನ್ನು ಸಂಖ್ಯೆಯ ವಾದಕ್ಕೆ ಬರೋಣ. ‘ಪೈಪ್‌ಲೈನ್ ಖಾಲಿ ಇದೆ, ಶಾಲೆಯಲ್ಲೇ ಹುಡುಗಿಯರು ಬರಬೇಕು, ಆಮೇಲೆ ಮೇಲಿನದು ತಾನಾಗಿ ಸರಿಹೋಗುತ್ತದೆ’ ಎನ್ನುತ್ತಾರೆ. ಅಮೆರಿಕದ ಅಂಕಿಯನ್ನೇ ನೋಡಿ. 1984ರಲ್ಲಿ ಅಲ್ಲಿ ಕಂಪ್ಯೂಟರ್ ವಿಜ್ಞಾನದ ಪದವಿ ಪಡೆದವರಲ್ಲಿ ಸುಮಾರು 37% ಮಹಿಳೆಯರಿದ್ದರು. 2010ರ ಹೊತ್ತಿಗೆ ಅದು ಸುಮಾರು 18%ಕ್ಕೆ ಇಳಿದಿತ್ತು. ಅಂದು ಪದವಿ ಪಡೆದವರು ಈಗ ಅರವತ್ತರ ಆಸುಪಾಸಿನಲ್ಲಿದ್ದಾರೆ, ಅಂದರೆ ಜೀವಮಾನದ ಸಾಧನೆಯ ಪ್ರಶಸ್ತಿ ಸಿಗುವ ವಯಸ್ಸಿನಲ್ಲಿ. ಪೈಪ್‌ಲೈನ್ ವಾದ ಪೂರ್ತಿ ನಿಜವಾಗಿದ್ದರೆ ಇವತ್ತು ಹಿರಿಯರ ಸಾಲಿನಲ್ಲಿ ಮಹಿಳೆಯರು ಹೆಚ್ಚಿರಬೇಕು, ಕಿರಿಯರ ಸಾಲಿನಲ್ಲಿ ಕಡಿಮೆ ಇರಬೇಕು. ಕಾಣುವುದು ತಿರುವುಮುರುವು. ಆರ್ಕಿಟೆಕ್ಚರ್‌ಗೆ ಬರುವವರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರೂ ಬಹಳ, ಆ ವಿಭಾಗದಲ್ಲಿ ಮಹಿಳೆಯರು ಮೊದಲಿನಿಂದಲೂ ಕಡಿಮೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು, ಹಿಡಿಯೋಣ. ಆದರೂ ಆದೇಶಗಳು ಹಂತಹಂತವಾಗಿ ಸಾಗುವ ಪ್ರೊಸೆಸರ್‌ನ ಪೈಪ್‌ಲೈನ್‌ನಿಂದ ಫಲಿತಾಂಶ ಕಡಿಮೆ ಬಂದರೆ, ಮುಂಬಾಗಿಲಿನಿಂದ ಇನ್ನಷ್ಟು ಆದೇಶ ತುರುಕಿ ಎಂದು ಯಾವ ಆರ್ಕಿಟೆಕ್ಟ್ ಕೂಡ ಹೇಳುವುದಿಲ್ಲ. ಎಲ್ಲಿ ತಡೆಯುತ್ತಿದೆ, ಯಾವ ಹಂತದಲ್ಲಿ ಅರ್ಧ ಆದ ಕೆಲಸವನ್ನು ಎಸೆಯುತ್ತಿದ್ದೇವೆ ಎಂದು ಹಂತಹಂತವಾಗಿ ಅಳೆಯುತ್ತಾರೆ. ತಮ್ಮದೇ ಕ್ಷೇತ್ರದ ಜನರ ವಿಷಯ ಬಂದಾಗ ಮಾತ್ರ ಈ ವಿದ್ಯೆ ಮರೆತುಹೋಗುತ್ತದೆ.

ತಡೆಯುವ ಜಾಗಗಳಲ್ಲಿ ಒಂದನ್ನು ಹತ್ತಿರದಿಂದ ನೋಡೋಣ. ಸಮ್ಮೇಳನದ ಕಾಫಿ ವಿರಾಮ. ಮೊದಲ ಬಾರಿ ಬಂದ ವಿದ್ಯಾರ್ಥಿನಿ ಕಪ್ ಹಿಡಿದು ನಿಂತಿದ್ದಾಳೆ. ಎದುರಿಗೆ ಆರೇಳು ಜನರ ಗುಂಪು ವೃತ್ತವಾಗಿ ನಿಂತು ಮಾತನಾಡುತ್ತಿದೆ; ಭುಜಕ್ಕೆ ಭುಜ ತಾಗಿ ವೃತ್ತ ಮುಚ್ಚಿದೆ. ಅವರಲ್ಲಿ ಒಬ್ಬರ ಪ್ರಬಂಧವನ್ನು ಈಕೆ ಹತ್ತು ಸಲ ಓದಿದ್ದಾಳೆ. ಒಳಗೆ ನುಗ್ಗಲು ಒಂದು ನೆಪ ಬೇಕು, ಅಥವಾ ‘ಇವಳು ನಮ್ಮ ವಿದ್ಯಾರ್ಥಿನಿ’ ಎಂದು ಕೈಹಿಡಿದು ಕರೆದೊಯ್ಯುವ ಒಬ್ಬರು ಬೇಕು. ಹದಿನೈದು ನಿಮಿಷಕ್ಕೆ ಗಂಟೆ ಬಾರಿಸುತ್ತದೆ. ಬೇಸಿಗೆಯ ಇಂಟರ್ನ್‌ಶಿಪ್, ಮುಂದಿನ ಪ್ರಬಂಧದ ಸಹಲೇಖಕರು, ಐದು ವರ್ಷದ ನಂತರದ ಶಿಫಾರಸು ಪತ್ರ, ಎಲ್ಲವೂ ಆ ವೃತ್ತದಲ್ಲಿ ಹುಟ್ಟುವಂಥವು. ಗಂಡು ಹುಡುಗರಿಗೂ ಇದು ಕಷ್ಟವೇ. ವ್ಯತ್ಯಾಸವಿಷ್ಟೇ, ಅವರಿಗೆ ಸಭಾಂಗಣದಲ್ಲಿ ತಮ್ಮಂತೆ ಕಾಣುವ ನೂರು ಜನ ಸಿಗುತ್ತಾರೆ, ಇವಳು ಎಣಿಸುತ್ತಾಳೆ.

ಹೀಗೆ ಎಣಿಸಿಯೇ ಒಂದು ದೊಡ್ಡ ಸಮುದಾಯ ಹುಟ್ಟಿದ್ದೂ ಇದೆ. 1987ರಲ್ಲಿ ಆಪರೇಟಿಂಗ್ ಸಿಸ್ಟಮ್‌ಗಳ ಸಮ್ಮೇಳನವೊಂದರಲ್ಲಿ ಅನಿತಾ ಬೋರ್ಗ್ ಮತ್ತು ಇನ್ನೂ ಕೆಲವು ಮಹಿಳೆಯರು ಶೌಚಾಲಯದಲ್ಲಿ ಭೇಟಿಯಾದರು. ಇಡೀ ಸಮ್ಮೇಳನದಲ್ಲಿ ಮಹಿಳೆಯರು ಬೆರಳೆಣಿಕೆಯಷ್ಟೇ ಎಂಬುದು ಅಲ್ಲಿ ಮಾತಿಗೆ ಬಂತು. ಒಟ್ಟಿಗೆ ಊಟಕ್ಕೆ ಹೋದರು, ವಿಳಾಸ ಬರೆದುಕೊಂಡರು. ಸಿಸ್ಟರ್ಸ್ ಎಂಬ ಬಳಗ ಅಲ್ಲಿಂದ ಶುರುವಾಯಿತು. 1994ರಲ್ಲಿ ಬೋರ್ಗ್ ಮತ್ತು ಟೆಲ್ ವಿಟ್ನಿ ವಾಷಿಂಗ್ಟನ್‌ನಲ್ಲಿ ನಡೆಸಿದ ಕಂಪ್ಯೂಟರ್ ಕ್ಷೇತ್ರದ ಮಹಿಳೆಯರ ಮೊದಲ ಗ್ರೇಸ್ ಹಾಪರ್ ಸಮಾವೇಶಕ್ಕೆ ಸುಮಾರು 500 ಮಂದಿ ಬಂದರು. ಮುಂದೆ ಅದು ಜಾತ್ರೆಯಂತೆ ಬೆಳೆಯಿತು. ಜಾತ್ರೆಯ ಕಷ್ಟಗಳೂ ಬಂದವು: 2023ರಲ್ಲಿ ಒರ್ಲಾಂಡೋದಲ್ಲಿ ನಡೆದಾಗ ಕೆಲಸ ಹುಡುಕುವ ಪುರುಷರು ದೊಡ್ಡ ಸಂಖ್ಯೆಯಲ್ಲಿ ನುಗ್ಗಿ, ಕಂಪನಿಗಳ ಮಳಿಗೆಗಳೆದುರು ಮಹಿಳೆಯರು ಹಿಂದೆ ಉಳಿಯಬೇಕಾಯಿತು.

ಆರ್ಕಿಟೆಕ್ಚರ್‌ನವರ ಬಳಗದ ಹೆಸರು ವಿಕ್‌ಆರ್ಚ್. ಅದರ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಬೆಲೆಯದ್ದಾಗಿ ಕಾಣುವುದು ಅತಿ ನೀರಸವಾದದ್ದು: ಒಂದು ಪಟ್ಟಿ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಮಹಿಳೆಯರು ಯಾರು, ಎಲ್ಲಿದ್ದಾರೆ, ಅವರ ವಿಷಯ ಏನು ಎಂಬ ಸೂಚಿ. ‘ಹುಡುಕಿದೆವು, ಯಾರೂ ಸಿಗಲಿಲ್ಲ’ ಎಂಬ ಮಾತಿಗೆ ಅದಕ್ಕಿಂತ ಚಿಕ್ಕ ಉತ್ತರವಿಲ್ಲ. ಸಮಿತಿಯ ಎರಡು ನಿಮಿಷದ ಮರೆವಿಗೆ ಎದುರಾಗಿ ಪಟ್ಟಿಯೊಂದು ಮೇಜಿನ ಮೇಲಿದ್ದರೆ ದೂರದ ಮೆಮೊರಿಯಲ್ಲಿದ್ದ ಹೆಸರು ಕೈಗೆಟುಕುತ್ತದೆ. ಪಟ್ಟಿಯಲ್ಲಿರುವವರನ್ನೇ ಆರಿಸಿ ಎಂದು ಯಾರೂ ಹೇಳುತ್ತಿಲ್ಲ, ನೋಡದೆ ಆರಿಸಬೇಡಿ ಎನ್ನುತ್ತಿದ್ದಾರೆ.

ಕಾಣಿಸಿಕೊಳ್ಳಬೇಕಾದರೆ ಅಲ್ಲಿ ಇರುವುದು ಸುರಕ್ಷಿತವಾಗಿರಬೇಕು. ಈ ಕ್ಷೇತ್ರದ ಸಂಘಟನೆಗಳಾದ ಸಿಗ್‌ಆರ್ಚ್ ಮತ್ತು ಸಿಗ್‌ಮೈಕ್ರೋ 2018ರಲ್ಲಿ ಕೇರ್ಸ್ ಎಂಬ ಸಮಿತಿ ಮಾಡಿದವು. ಸಮ್ಮೇಳನಗಳಲ್ಲಿ ಕಿರುಕುಳ, ತಾರತಮ್ಯ ಎದುರಿಸಿದವರು ಯಾರ ಹತ್ತಿರ ಹೋಗಬೇಕೆಂದು ತಿಳಿಯದೆ ಒದ್ದಾಡುವಾಗ ಕೇಳಿಸಿಕೊಂಡು ದಾರಿ ಹೇಳುವ ಹಿರಿಯರ ಗುಂಪು ಅದು. ಇದರ ಹಿಂದಿದ್ದವರಲ್ಲಿ ಸರಿತಾ ಆಡ್ವೆ ಒಬ್ಬರು. ಐಐಟಿ ಬಾಂಬೆಯಲ್ಲಿ ಓದಿದ ಇವರು ಆಗ ಸಿಗ್‌ಆರ್ಚ್ ಅಧ್ಯಕ್ಷರೂ ಆಗಿದ್ದರು. ಹಲವು ಪ್ರೊಸೆಸರ್‌ಗಳು ಒಂದೇ ಮೆಮೊರಿಯನ್ನು ಓದಿ ಬರೆಯುವಾಗ ಯಾರು ಬರೆದದ್ದು ಯಾರಿಗೆ ಯಾವಾಗ ಕಾಣಬೇಕು ಎಂಬ ನಿಯಮಗಳ ಮೇಲೆ ಅವರು ಮಾಡಿದ ಕೆಲಸ ಜಾವಾ, ಸಿ++ ಭಾಷೆಗಳ ತಳದಲ್ಲಿದೆ. ಯಾರದ್ದು ಯಾರಿಗೆ ಕಾಣಬೇಕು ಎಂಬ ಪ್ರಶ್ನೆ ಅವರನ್ನು ಚಿಪ್‌ನ ಹೊರಗೂ ಹಿಂಬಾಲಿಸಿದೆ ಎಂದು ಅನ್ನಿಸದಿರದು.

ಇಷ್ಟೆಲ್ಲ ಹೇಳಿ ಒಂದು ಕಹಿಯನ್ನು ಮುಚ್ಚಿಡಬಾರದು. ಕಾಣಿಸಿಕೊಳ್ಳುವುದಕ್ಕೆ ಬೆಲೆ ತೆರಬೇಕು. ಲೆಕ್ಕ ಹಾಕಿ ನೋಡಿ: ಕ್ಷೇತ್ರದಲ್ಲಿ 100 ಹಿರಿಯರು, ಅವರಲ್ಲಿ 10 ಮಹಿಳೆಯರು ಎಂದುಕೊಳ್ಳೋಣ. ಹತ್ತತ್ತು ಜನರ 20 ಸಮಿತಿಗಳಿವೆ. ಪ್ರತಿ ಸಮಿತಿಯಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ ಎಂಬ ಸದುದ್ದೇಶದ ನಿಯಮ ಬಂತು. 40 ಸ್ಥಾನಗಳು 10 ಜನರ ಹೆಗಲಿಗೆ, ತಲೆಗೆ ನಾಲ್ಕು. ಉಳಿದ 160 ಸ್ಥಾನಗಳು 90 ಪುರುಷರಿಗೆ, ತಲೆಗೆ ಎರಡೂ ಇಲ್ಲ. ಮಹಿಳೆ ಸಮಿತಿಯಲ್ಲಿ ಕುಳಿತು ಬೇರೆಯವರ ಪ್ರಬಂಧ ಓದುತ್ತಿರುವಾಗ ಪುರುಷ ತನ್ನ ಪ್ರಬಂಧ ಬರೆಯುತ್ತಿರುತ್ತಾನೆ. ಇಸ್ಕಾದ ಹಾಲ್ ಆಫ್ ಫೇಮ್ ಪಟ್ಟಿಗೆ ಸೇರಲು ಬೇಕಾದದ್ದು ಎಂಟು ಪ್ರಬಂಧಗಳು. ಕುಳಿತ ಸಮಿತಿಗಳನ್ನು ಅಲ್ಲಿ ಎಣಿಸುವುದಿಲ್ಲ. ಜೊತೆಗೆ, ಹೊಸ ವಿದ್ಯಾರ್ಥಿನಿಯರಿಗೆ ಬುದ್ಧಿ ಹೇಳುವುದು, ‘ಮಹಿಳೆಯಾಗಿ ನಿಮ್ಮ ಅನುಭವ’ ಎಂಬ ಸಂವಾದಗಳಲ್ಲಿ ಕೂರುವುದು. ಮಾರ್ಟೊನೋಸಿಯವರಂಥವರನ್ನು ಕರೆದರೆ ‘ವಾಚ್’ (Wattch) ಎಂಬ ಅವರ ಸಾಧನದ ಬಗ್ಗೆ ಮಾತನಾಡಿಸಬೇಕು. ಚಿಪ್ ತಯಾರಾಗುವ ಬಹಳ ಮೊದಲೇ ಅದು ಎಷ್ಟು ವಿದ್ಯುತ್ ನುಂಗುತ್ತದೆ ಎಂದು ಅಂದಾಜು ಮಾಡುವ ಸಾಧನ ಅದು. 2000ದಲ್ಲಿ ಅವರು ಡೇವಿಡ್ ಬ್ರೂಕ್ಸ್ ಮತ್ತು ವಿವೇಕ್ ತಿವಾರಿ ಜೊತೆ ಮಂಡಿಸಿದ್ದು. ‘ಎಷ್ಟು ವೇಗ?’ ಎಂದಷ್ಟೇ ಕೇಳುತ್ತಿದ್ದ ಕ್ಷೇತ್ರ ‘ಎಷ್ಟು ವಿದ್ಯುತ್ತಿಗೆ ಎಷ್ಟು ವೇಗ?’ ಎಂದು ಕೇಳಲು ಕಲಿತದ್ದರಲ್ಲಿ ಅದರ ಪಾಲು ದೊಡ್ಡದು. ಅಂಥವರನ್ನು ವೇದಿಕೆಗೆ ಕರೆದು ಹೆಣ್ಣಾಗಿರುವುದರ ಬಗ್ಗೆ ಮಾತ್ರ ಕೇಳಿದರೆ ಅದೂ ಒಂದು ಬಗೆಯ ಮರೆಮಾಡುವಿಕೆಯೇ.

ಈ ನಡುವೆ ಗಾಳಿ ಬದಲಾಗಿದೆ. ತಂತ್ರಜ್ಞಾನ ಕ್ಷೇತ್ರದ ಮಹಿಳೆಯರಿಗಾಗಿ ಇದ್ದ ವಿಮೆನ್ ಹೂ ಕೋಡ್ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹಣವಿಲ್ಲವೆಂದು ಬಾಗಿಲು ಹಾಕಿತು. ಅದೇ ವರ್ಷ ಗರ್ಲ್ಸ್ ಇನ್ ಟೆಕ್ ಕೂಡ ಮುಚ್ಚಿತು. 2025ರ ಜನವರಿಯಲ್ಲಿ ಅಮೆರಿಕ ಸರ್ಕಾರ ತನ್ನ ಇಲಾಖೆಗಳ ವೈವಿಧ್ಯ ಕಾರ್ಯಕ್ರಮಗಳನ್ನು ನಿಲ್ಲಿಸಲು ಆದೇಶಿಸಿತು. ಏಪ್ರಿಲ್‌ನಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಇಂಥ ಹಲವು ಅನುದಾನಗಳನ್ನು ರದ್ದು ಮಾಡಿತು. ಪ್ರಾಯೋಜಕರ ಫಲಕಗಳ ಕೆಳಗೆ ಬೆಳೆದ ಸಮುದಾಯಗಳು ಫಲಕ ಬಿದ್ದ ದಿನ ತಾವೂ ಬಿದ್ದವು.

ಹಾಗಾಗಿ ಖರ್ಚಿಲ್ಲದ ಕೆಲಸಗಳ ಕಡೆ ನೋಡಬೇಕಾದ ಕಾಲ ಇದು. ಪಟ್ಟಿಯನ್ನು ನವೀಕರಿಸಲು ಅನುದಾನ ಬೇಡ. ವೃತ್ತದಲ್ಲಿ ನಿಂತವರು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಡಲು ಯಾವ ಸರ್ಕಾರದ ಅಪ್ಪಣೆಯೂ ಬೇಡ. ಹೆಸರು ಬದಲಿಸಿಕೊಂಡವರ ಹಳೆಯ ಪ್ರಬಂಧಗಳಲ್ಲಿ ಹೊಸ ಹೆಸರು ಹಾಕಲು ಎಸಿಎಂ ಈಗ ಅವಕಾಶ ಕೊಟ್ಟಿದೆ. ಕಾನ್ವೇ ಅವರ ಕಾಲದಲ್ಲಿ ಇದ್ದಿದ್ದರೆ ಅವರು ಹೊಸದಾಗಿ ಮೆಟ್ಟಿಲು ಹತ್ತುವಾಗ ಹಳೆಯ ಕೆಲಸವೂ ಕೈಯಲ್ಲಿರುತ್ತಿತ್ತೇನೋ. ಎಲ್ಲಕ್ಕಿಂತ ಮುಖ್ಯವಾದದ್ದು ನಾಮನಿರ್ದೇಶನ. ದೊಡ್ಡ ಪ್ರಶಸ್ತಿಗಳು ತಾವಾಗಿ ಯಾರನ್ನೂ ಹುಡುಕಿಕೊಂಡು ಹೋಗುವುದಿಲ್ಲ. ಒಬ್ಬರು ಕುಳಿತು ಅರ್ಜಿ ತುಂಬಬೇಕು, ಸಾಧನೆ ಏನೆಂದು ಒಂದೆರಡು ಪುಟದಲ್ಲಿ ಬರೆಯಬೇಕು, ಬೆಂಬಲ ಪತ್ರಕ್ಕಾಗಿ ಕೆಲವರನ್ನು ಕಾಡಿ ಬೇಡಿ ಕೊನೆಯ ದಿನದೊಳಗೆ ಕಳುಹಿಸಬೇಕು. ಪ್ರತಿ ವರ್ಷ ಈ ಕೆಲಸ ಯಾರೋ ಯಾರಿಗಾಗಿಯೋ ಮಾಡುತ್ತಲೇ ಇರುತ್ತಾರೆ. ಎಗರ್ಸ್ ಅವರ ಹೆಸರಿನ ಅರ್ಜಿಯನ್ನೂ ಯಾರೋ ಒಬ್ಬರು ತುಂಬಿದ್ದರು.

ಅದೇ 2018ರಲ್ಲಿ ಐರ್ಲೆಂಡ್ ತನ್ನ ಹೊಸ ರಾಷ್ಟ್ರೀಯ ಸೂಪರ್ ಕಂಪ್ಯೂಟರ್‌ಗೆ ಹೆಸರು ಆರಿಸಲು ಜನರ ಮತ ಕೇಳಿತು. ಗೆದ್ದ ಹೆಸರು ‘ಕೇ’. 1921ರಲ್ಲಿ ಡೊನೆಗಲ್‌ನಲ್ಲಿ ಹುಟ್ಟಿ, ಎನಿಯಾಕ್‌ನ ತಂತಿ ಜೋಡಿಸಿ, 1948ರಲ್ಲಿ ಜಾನ್ ಮೌಕ್ಲಿಯವರನ್ನು ಮದುವೆಯಾಗಿ, ಬಹುಕಾಲ ಅವರ ಹೆಂಡತಿ ಎಂದಷ್ಟೇ ಗುರುತಿಸಿಕೊಂಡ ಕೇ ಮೆಕ್‌ನಲ್ಟಿಯ ಹೆಸರು.